ವೀಸಾಕ್ಕೆ ಆಹ್ವಾನ ಪತ್ರ ಸಿದ್ಧಪಡಿಸುವುದು ಹೇಗೆ: ಮೈಸೂರು–ಮಂಡ್ಯದ ಅಪ್ಪ-ಅಮ್ಮಂದಿರಿಗೆ, ಹೊರದೇಶದಲ್ಲಿರುವ ಮಕ್ಕಳಿಗೆ

ಮಗಳು ಟೊರೊಂಟೊದಲ್ಲೋ ಮಗ ಡಲ್ಲಾಸ್‌ನಲ್ಲೋ ಇದ್ದು, ಊರಲ್ಲಿರುವ ಅಪ್ಪ-ಅಮ್ಮನನ್ನು ನಾಲ್ಕು ತಿಂಗಳಿಗೆ ಕರೆಸಿಕೊಳ್ಳಲು ಹೊರಟಾಗ ಎಡವುವ ಜಾಗ ಹೆಚ್ಚುಕಮ್ಮಿ ಒಂದೇ. ಅಂತರ್ಜಾಲದಿಂದ ಒಂದು ಮಾದರಿ ಇಳಿಸಿಕೊಂಡು, ಹೆಸರು ಬದಲಿಸಿ, ಮೊದಲ ದಿನವೇ ಪತ್ರ ಕಳಿಸಿಬಿಡುತ್ತಾರೆ. ಅರ್ಜಿ ತುಂಬುವುದು ಆಮೇಲೆ, ಅದೂ ಇನ್ನಾರೋ. ಪತ್ರದಲ್ಲಿ ಮೂರು ತಿಂಗಳು, ಅರ್ಜಿಯಲ್ಲಿ ಆರು ತಿಂಗಳು. ಪತ್ರದಲ್ಲಿ ಎಲ್ಲ ಖರ್ಚೂ ಮಗನದು, ಅರ್ಜಿಯಲ್ಲಿ ‘ಸ್ವಂತ ಖರ್ಚು’. ಪತ್ರದ ಭಾಷೆ ಚೆನ್ನಾಗಿಲ್ಲ ಎಂದು ವೀಸಾ ತಪ್ಪುವುದಿಲ್ಲ. ಪತ್ರ ಒಂದು ಹೇಳಿ ಉಳಿದ ಕಾಗದ ಇನ್ನೊಂದು ಹೇಳಿದರೆ ತಪ್ಪುತ್ತದೆ. ಹಾಗಾಗಿ ಇಲ್ಲಿ ಪತ್ರ ಬರೆಯುವುದು ಐದನೇ ಹಂತ. ಮೊದಲ ನಾಲ್ಕನ್ನು ಮುಗಿಸದೆ ಅಲ್ಲಿಗೆ ಹಾರಬೇಡಿ.

ಹಂತ 1: ಯಾವ ದೇಶ, ಯಾವ ಕಾಗದ

‘ಇನ್ವಿಟೇಶನ್ ಲೆಟರ್’ ಎಂದು ನಾವು ಎಲ್ಲದಕ್ಕೂ ಒಂದೇ ಹೆಸರು ಹೇಳುತ್ತೇವೆ. ಕೆಲವು ದೇಶಗಳಿಗೆ ಬಿಳಿ ಹಾಳೆಯ ಮೇಲೆ ಮಗ ಬರೆದು ಸಹಿ ಹಾಕಿದ ಪತ್ರ ಸಾಕು. ಕೆಲವಕ್ಕೆ ಅಲ್ಲಿನ ಸರ್ಕಾರಿ ಕಚೇರಿಯಿಂದ ಹೊರಬಿದ್ದ ನಮೂನೆಯೇ ಆಗಬೇಕು. ಇದನ್ನು ತಿಳಿಯದೆ ಹೋದವರು ಬೆಂಗಳೂರಿನಲ್ಲಿ ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೌಂಟರಿನಿಂದ ವಾಪಸು ಬಂದು ಇನ್ನೊಂದು ಓಡಾಟ ಮಾಡುತ್ತಾರೆ.

ಅಮೆರಿಕ: ಭೇಟಿಗೆ ಹೋಗುವವರ ಬಿ-2 ವೀಸಾಕ್ಕೆ ಆಹ್ವಾನ ಪತ್ರ ಕಡ್ಡಾಯವಲ್ಲ. ಕೊಟ್ಟರೂ ಅದನ್ನು ನೋಡಿ ವೀಸಾ ಕೊಡುವುದಾಗಲಿ ಬಿಡುವುದಾಗಲಿ ಇಲ್ಲ ಎಂದು ಅಲ್ಲಿನ ವಿದೇಶಾಂಗ ಇಲಾಖೆಯೇ ಹೇಳಿದೆ. ಖರ್ಚು ನೋಡಿಕೊಳ್ಳುತ್ತೇನೆಂಬ ಐ-134 ನಮೂನೆಯೂ ಬೇಕಿಲ್ಲ. ತೀರ್ಮಾನವಾಗುವುದು ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿಯಲ್ಲಿ ಮತ್ತು ಸಂದರ್ಶನದ ಕೆಲವೇ ನಿಮಿಷಗಳ ಮಾತಿನಲ್ಲಿ. ಆದರೂ ಒಂದು ಪುಟದ ಪತ್ರ ಫೈಲಿನಲ್ಲಿರಲಿ. ಅಧಿಕಾರಿ ಕೇಳಿದರೆ ಕೊಡಲು ಒಂದು ಉಪಯೋಗ. ಅಪ್ಪ-ಅಮ್ಮ ಎಲ್ಲಿಗೆ, ಎಷ್ಟು ದಿನ, ಯಾರ ಖರ್ಚಿನಲ್ಲಿ ಎಂಬುದನ್ನು ಮನನ ಮಾಡಿಕೊಳ್ಳಲು ಅದಕ್ಕಿಂತ ದೊಡ್ಡ ಉಪಯೋಗ.

ಕೆನಡಾ: ಪತ್ರದಲ್ಲಿ ಏನೇನಿರಬೇಕು ಎಂದು ಬಿಡಿಬಿಡಿಯಾಗಿ ಹೇಳುವ ದೇಶ ಇದು. ಬರುವವರ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಫೋನು, ನಿಮಗೂ ಅವರಿಗೂ ಇರುವ ಸಂಬಂಧ, ಬರುವ ಉದ್ದೇಶ, ಎಷ್ಟು ದಿನ, ಎಲ್ಲಿ ಉಳಿಯುತ್ತಾರೆ, ಖರ್ಚು ಹೇಗೆ, ಯಾವಾಗ ಹೊರಡುತ್ತಾರೆ ಎಂಬುದು ಒಂದು ಭಾಗ. ಕರೆಯುವವರ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಫೋನು, ಉದ್ಯೋಗ, ಪೌರರೋ ಕಾಯಂ ನಿವಾಸಿಯೋ ಎಂಬುದು, ಅದರ ದಾಖಲೆಯ ಪ್ರತಿ, ಗಂಡ ಅಥವಾ ಹೆಂಡತಿ ಹಾಗೂ ಅವಲಂಬಿತರ ಹೆಸರು ಮತ್ತು ಹುಟ್ಟಿದ ದಿನಾಂಕ, ಮನೆಯಲ್ಲಿರುವವರ ಒಟ್ಟು ಸಂಖ್ಯೆ ಇನ್ನೊಂದು ಭಾಗ. ಹೆಚ್ಚಾಗಿ ಬಿಟ್ಟುಹೋಗುವುದು ಕೊನೆಯ ಎರಡು.

ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಿಗೆಂದೇ ಇರುವ ಕೆನಡಾದ ಸೂಪರ್ ವೀಸಾ ಆದರೆ ಮೇಲಿನ ಪತ್ರದ ಜೊತೆಗೆ, ಇರುವಷ್ಟು ಕಾಲವೂ ಖರ್ಚು ತಾನೇ ನೋಡಿಕೊಳ್ಳುತ್ತೇನೆಂಬ ಲಿಖಿತ ಭರವಸೆ ಬೇಕು. ಒಂದು ಸಲ ಹೋದರೆ 5 ವರ್ಷದವರೆಗೂ ಉಳಿಯಬಹುದಾದ ವೀಸಾ ಆದ್ದರಿಂದ ಆದಾಯದ ಮಿತಿಯೂ ಇದೆ. ಆ ಮಿತಿಗೆ ತಲೆ ಎಣಿಸುವಾಗ ಮಗ, ಸೊಸೆ, ಮೊಮ್ಮಗು ಮಾತ್ರವಲ್ಲ, ಬರುವ ಅಪ್ಪ-ಅಮ್ಮನನ್ನೂ ಸೇರಿಸಬೇಕು. ಮೂವರ ಮನೆ ಲೆಕ್ಕದಲ್ಲಿ ಐವರದಾಗುತ್ತದೆ. ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರಿನ, ಒಂದು ವರ್ಷದ ವೈದ್ಯಕೀಯ ವಿಮೆ ಪ್ರತ್ಯೇಕ. ಸ್ಟಡಿ ಪರ್ಮಿಟ್‌ನಲ್ಲಿರುವ ಮಕ್ಕಳು ಸೂಪರ್ ವೀಸಾಕ್ಕೆ ಕರೆಯಲಾರರು. ಅವರಿಗೆ ಸಾಮಾನ್ಯ ವಿಸಿಟರ್ ವೀಸಾವೇ ಗತಿ.

ಬ್ರಿಟನ್: ಪತ್ರ ಕಡ್ಡಾಯವಲ್ಲ, ಆದರೆ ಇಲ್ಲಿ ಸಂದರ್ಶನ ಸಾಮಾನ್ಯವಾಗಿ ಇರುವುದಿಲ್ಲ. ಕಾಗದವೇ ಮಾತಾಡಬೇಕು. ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲಿ ಒಂದು ಭೇಟಿಗೆ ಹೆಚ್ಚೆಂದರೆ 6 ತಿಂಗಳು.

ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್: ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಎಂದರೆ ಎಲ್ಲ ಕಡೆ ಒಂದೇ ಕಾಗದ ಎಂದುಕೊಳ್ಳಬೇಡಿ. ಜರ್ಮನಿಯಲ್ಲಿ ಮಗ ಖರ್ಚು ಹೊರುವುದಾದರೆ ತನ್ನ ಊರಿನ ವಿದೇಶಿಯರ ಕಚೇರಿಗೆ ಹೋಗಿ ‘ಫರ್‌ಪ್ಲಿಶ್‌ಟುಂಗ್ಸ್‌ಎರ್‌ಕ್ಲೇರುಂಗ್’ ಎಂಬ ಹೊಣೆಗಾರಿಕೆ ಪತ್ರ ಮಾಡಿಸಬೇಕು. ಶುಲ್ಕ 29 ಯೂರೋ, ಸಂಬಳದ ಚೀಟಿ ಮತ್ತು ಪಾಸ್‌ಪೋರ್ಟ್ ಕೇಳುತ್ತಾರೆ. ಮಾಡಿಸಿದ 6 ತಿಂಗಳೊಳಗೆ ಅದನ್ನು ವೀಸಾಕ್ಕೆ ಬಳಸಬೇಕು. ಮೂಲ ಪ್ರತಿಯೇ ಭಾರತಕ್ಕೆ ಬರಬೇಕು, ಆದ್ದರಿಂದ ಕೊರಿಯರ್ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಫ್ರಾನ್ಸಿನಲ್ಲಿ ಮನೆಯಲ್ಲಿ ಇಳಿಸಿಕೊಳ್ಳುವವರು ತಮ್ಮ ನಗರಸಭೆಯಿಂದ ‘ಅತೆಸ್ತಾಸಿಯೋಂ ದಾಕೇಯ್’ ಎಂಬ ದೃಢೀಕರಣ ಪತ್ರ ತೆಗೆಸಬೇಕು. ನೆದರ್ಲೆಂಡ್ಸ್‌ನಲ್ಲಿ ಸರ್ಕಾರಿ ನಮೂನೆ ತುಂಬಿ, ಸಹಿಯನ್ನು ನಗರಸಭೆಯಲ್ಲಿ ದೃಢೀಕರಿಸಿಕೊಳ್ಳಬೇಕು. ಸಾದಾ ಆಹ್ವಾನ ಪತ್ರ ಇವಕ್ಕೆ ಜೊತೆಗಾರ ಮಾತ್ರ, ಬದಲಿಯಲ್ಲ.

ಜಪಾನಿಗೆ ಆಹ್ವಾನದ ಕಾರಣ, ಜಾಮೀನು, ದಿನವಹಿ ಕಾರ್ಯಕ್ರಮ ಎಂದು ಬೇರೆಬೇರೆ ನಿಗದಿತ ನಮೂನೆಗಳಿವೆ. ಸ್ವಂತ ಪತ್ರ ಬರೆಯುವ ಶ್ರಮವೇ ಬೇಡ. ಆಸ್ಟ್ರೇಲಿಯಾದ 600 ಎಂಬ ಭೇಟಿ ವೀಸಾಕ್ಕೆ ಕೆನಡಾದ ಪಟ್ಟಿಯನ್ನೇ ಅನುಸರಿಸಿ ಬರೆದರೆ ನಡೆಯುತ್ತದೆ.

ಹಂತ 2: ನಾಲ್ಕು ಮಾತು ಫೋನಿನಲ್ಲೇ ತೀರ್ಮಾನಿಸಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಾಲು ಬರೆಯಿರಿ: ಏಕೆ, ಯಾವಾಗಿನಿಂದ ಯಾವಾಗಿನವರೆಗೆ, ಎಲ್ಲಿ, ಯಾರ ದುಡ್ಡು. ಇಲ್ಲಿನವರೂ ಅಲ್ಲಿನವರೂ ಅದೇ ಹಾಳೆಯ ಫೋಟೊ ಇಟ್ಟುಕೊಳ್ಳಲಿ. ಮುಂದೆ ಅರ್ಜಿ, ಪತ್ರ, ವಿಮೆ, ಟಿಕೆಟ್ ಬುಕಿಂಗ್ ಎಲ್ಲವೂ ಈ ಹಾಳೆಯಿಂದಲೇ ಹುಟ್ಟಬೇಕು.

ದಿನಾಂಕ: ‘ಸುಮಾರು ಆರು ತಿಂಗಳು’ ಎಂದು ಬರೆಯುವ ಚಾಳಿ ಬಿಡಿ. ಹೊರಡುವ ದಿನ, ಮರಳುವ ದಿನ ಎರಡೂ ಇರಲಿ. ಮರಳುವ ದಿನಕ್ಕೆ ಊರಿನಲ್ಲಿ ಒಂದು ಕಾರಣವೂ ಇರಬೇಕು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ಶುರುವಾಗುವ ಹೊತ್ತಿಗೆ ಜಮೀನಿನ ಯಜಮಾನ ಊರಿನಲ್ಲಿರುವುದಿಲ್ಲ ಎಂದರೆ ಗದ್ದೆ ಯಾರು ನೋಡುತ್ತಾರೆ ಎಂಬ ಪ್ರಶ್ನೆ ಸಹಜ. ಷೆಂಗೆನ್ ದೇಶಗಳಿಗೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಹೋದ ದಿನ, ಬಂದ ದಿನ ಎರಡೂ ಎಣಿಕೆಗೆ ಸೇರುತ್ತವೆ. ‘ಮೂರು ತಿಂಗಳು’ ಎಂದು ಬರೆದವರ ಲೆಕ್ಕ ಒಮ್ಮೊಮ್ಮೆ 92 ದಿನವಾಗಿರುತ್ತದೆ.

ದುಡ್ಡು: ಮಕ್ಕಳೇ ಎಲ್ಲ ಕೊಡುತ್ತಾರೆ, ಅಪ್ಪ-ಅಮ್ಮನೇ ಕೊಡುತ್ತಾರೆ, ಟಿಕೆಟ್ ಇವರದು ಊಟ-ವಸತಿ ಅವರದು — ಮೂರೂ ಸರಿಯೇ. ಒಂದನ್ನು ಆರಿಸಿ, ಎಲ್ಲ ಕಡೆ ಅದನ್ನೇ ಬರೆಯಿರಿ. ಓದುತ್ತಿರುವ ಮಗ ಘಟಿಕೋತ್ಸವಕ್ಕೆ ಕರೆಯುತ್ತಿದ್ದರೆ ‘ಖರ್ಚೆಲ್ಲ ನನ್ನದು’ ಎಂಬ ಸಾಲು ಹಾಕಬಾರದು. ಅವನ ಖಾತೆಗೆ ದುಡ್ಡು ಹೋಗುತ್ತಿರುವುದೇ ಮೈಸೂರಿನಿಂದ ಎಂಬುದು ಬ್ಯಾಂಕ್ ಸ್ಟೇಟ್‌ಮೆಂಟ್ ಬಿಡಿಸಿದ ತಕ್ಷಣ ಕಾಣುತ್ತದೆ.

ಹಂತ 3: ಹೆಸರು, ಹುಟ್ಟಿದ ದಿನಾಂಕ, ವಿಳಾಸ — ಪಾಸ್‌ಪೋರ್ಟ್ ಮುಂದಿಟ್ಟುಕೊಂಡೇ

ನಮ್ಮ ಕಡೆಯ ಅರ್ಜಿಗಳು ಗಲಿಬಿಲಿಯಾಗುವುದು ಹೆಚ್ಚಾಗಿ ಇಲ್ಲೇ. ನಮ್ಮಲ್ಲಿ ಮನೆತನದ ಹೆಸರು ಎಂಬುದು ಬಹಳ ಜನಕ್ಕಿಲ್ಲ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಒಬ್ಬರು ಇನಿಷಿಯಲ್ ಬಿಡಿಸಿ ಬರೆಸಿರುತ್ತಾರೆ, ಇನ್ನೊಬ್ಬರು ‘ಸರ್‌ನೇಮ್’ ಜಾಗ ಖಾಲಿ ಬಿಟ್ಟಿರುತ್ತಾರೆ, ಅಮ್ಮನಿಗೆ ಗಂಡನ ಹೆಸರೇ ಸರ್‌ನೇಮ್ ಆಗಿರುತ್ತದೆ.

ನಿಯಮ ಒಂದೇ: ಪತ್ರದಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿರುವ ಅಕ್ಷರಗಳಲ್ಲೇ, ಅದೇ ಕ್ರಮದಲ್ಲಿ. ಮನೆಯಲ್ಲಿ, ಆಧಾರ್‌ನಲ್ಲಿ, ಪಿಂಚಣಿ ಪುಸ್ತಕದಲ್ಲಿ ಹೇಗಾದರೂ ಇರಲಿ. ಸರ್‌ನೇಮ್ ಖಾಲಿ ಇರುವವರು ಅಮೆರಿಕದ ಡಿಎಸ್-160ರಲ್ಲಿ ತಮ್ಮ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಗಿವನ್ ನೇಮ್ ಜಾಗದಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಎಂಬ ಅರ್ಥದ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ. ಅದು ಆ ಅರ್ಜಿಯ ಕಟ್ಟಳೆ. ಆಹ್ವಾನ ಪತ್ರಕ್ಕೆ ಅದನ್ನು ತರಬೇಡಿ.

ಎರಡನೇ ತೊಡಕು ಸಂಬಂಧದ ಸಾಬೀತು. ಮಗಳ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಾಯಿಯ ಹೆಸರು ‘ಜಯಮ್ಮ’, ತಾಯಿಯ ಸ್ವಂತ ಪಾಸ್‌ಪೋರ್ಟ್‌ನಲ್ಲಿ ‘ಜಯಲಕ್ಷ್ಮಿ’. ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಕಡತ ನೋಡುವ ಅಧಿಕಾರಿಗೆ ಇವರು ಇಬ್ಬರು ಹೆಂಗಸರು. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ, ಮಗಳ ಜನನ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೊತೆಗಿಡಿ. ನಾಡಕಚೇರಿಯಿಂದ ಪಡೆದ ವಂಶವೃಕ್ಷವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಟ್ಯಾಂಪ್ ಪೇಪರು, ನೋಟರಿ ಎಂದು ಖರ್ಚು ಮಾಡುವುದಾದರೆ ಈ ಅಫಿಡವಿಟ್‌ಗೆ ಮಾಡಿ, ಆಹ್ವಾನ ಪತ್ರಕ್ಕಲ್ಲ. ಅಳಿಯ ಪತ್ರ ಬರೆದು ಹೆಂಡತಿಯ ಅಪ್ಪ-ಅಮ್ಮನನ್ನು ಕರೆಯುತ್ತಿದ್ದರೆ ಮದುವೆ ನೋಂದಣಿ ಪತ್ರವೂ ಬೇಕು. ಇಲ್ಲದಿದ್ದರೆ ಅಳಿಯನಿಗೂ ಮಾವನಿಗೂ ನಡುವಿನ ಕೊಂಡಿಯೇ ಕಡತದಲ್ಲಿರುವುದಿಲ್ಲ.

ವಿಳಾಸ: 2014ರ ನವೆಂಬರ್ 1ರಿಂದ ಊರಿನ ಅಧಿಕೃತ ಹೆಸರು ಮೈಸೂರು. ಹಳೆಯ ದಾಖಲೆಗಳಲ್ಲಿ ‘ಮೈಸೋರ್’ ಎಂಬ ಇಂಗ್ಲಿಷ್ ರೂಪವಿದೆ. ಇದರಿಂದ ವೀಸಾ ನಿಲ್ಲುವುದಿಲ್ಲ, ಆದರೆ ಒಂದೇ ಪತ್ರದಲ್ಲಿ ಎರಡು ರೂಪ ಬೇಡ. ಅರ್ಜಿಯಲ್ಲಿ ಬಳಸಿದ್ದನ್ನೇ ಇಲ್ಲೂ ಬಳಸಿ. ಹಳ್ಳಿಯ ವಿಳಾಸದಲ್ಲಿ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಐದು ಮೆಟ್ಟಿಲು. ಆನ್‌ಲೈನ್ ಅರ್ಜಿಯಲ್ಲಿ ಅಷ್ಟು ಜಾಗ ಇಲ್ಲದೆ ಹೋಬಳಿಯನ್ನು ಬಿಟ್ಟಿದ್ದರೆ ಪತ್ರದಲ್ಲೂ ಬಿಡಿ. ಪಿನ್‌ಕೋಡ್ ಮಾತ್ರ ಬಿಡುವಂತಿಲ್ಲ.

ಹಂತ 4: ಪತ್ರದ ಬೆನ್ನಿಗಿರುವ ಕಾಗದಗಳನ್ನು ಮೊದಲೇ ಕೂಡಿಸಿ

ಪತ್ರದ ಒಂದೊಂದು ಸಾಲಿಗೂ ಒಂದೊಂದು ಕಾಗದ ಬೇಕು. ಕಾಗದವಿಲ್ಲದ ಸಾಲನ್ನು ಬರೆಯದಿರುವುದು ಒಳ್ಳೆಯದು.

ಕರೆಯುವವರಿಂದ ಬರಬೇಕಾದ್ದು: ಪಾಸ್‌ಪೋರ್ಟ್‌ನ ಮುಖಪುಟ, ಅಲ್ಲಿ ಇರಲು ಅನುಮತಿಯ ದಾಖಲೆ (ಗ್ರೀನ್ ಕಾರ್ಡ್, ಎಚ್-1ಬಿ ಕೆಲಸದ ವೀಸಾ ಆದರೆ ಐ-797 ಮಂಜೂರಾತಿ ಪತ್ರ, ಕೆನಡಾದ ಕಾಯಂ ನಿವಾಸಿಯಾದರೆ ಪಿಆರ್ ಕಾರ್ಡ್, ಬ್ರಿಟನ್ ಆದರೆ ಇ-ವೀಸಾ ಪುಟದ ಪ್ರತಿ), ಉದ್ಯೋಗದಾತರ ಪತ್ರ, ಮೂರು ತಿಂಗಳ ಸಂಬಳದ ಚೀಟಿ, ಮೂರರಿಂದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ದಾಖಲೆ, ಮನೆಯ ಬಾಡಿಗೆ ಕರಾರು ಅಥವಾ ಸ್ವಂತ ಮನೆಯ ದಾಖಲೆ. ಅನುಮತಿಯ ಅವಧಿ ಅಪ್ಪ-ಅಮ್ಮ ಮರಳುವ ದಿನಕ್ಕಿಂತ ಮುಂಚೆಯೇ ಮುಗಿಯುತ್ತಿದ್ದರೆ, ವಿಸ್ತರಣೆಗೆ ಅರ್ಜಿ ಹಾಕಿರುವ ರಸೀದಿಯನ್ನೂ ಸೇರಿಸಿ. ಬ್ರಿಟನ್ನಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಮೂವರಿದ್ದು ಇನ್ನಿಬ್ಬರನ್ನು ಕರೆದರೆ ‘ಎಲ್ಲಿ ಮಲಗುತ್ತಾರೆ’ ಎಂಬ ಪ್ರಶ್ನೆ ಬರುತ್ತದೆ. ಮನೆಯಲ್ಲಿ ಕೋಣೆ ಎಷ್ಟು, ಮಾಲೀಕರ ಒಪ್ಪಿಗೆ ಇದೆಯೇ ಎಂಬುದನ್ನು ಪತ್ರದಲ್ಲೇ ಹೇಳಿಬಿಡಿ.

ಇಲ್ಲಿನವರ ಕಡೆಯಿಂದ: ಪಿಂಚಣಿದಾರರಿಗೆ ಸುಲಭ. ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ) ಪ್ರತಿ, ತಿಂಗಳು ತಿಂಗಳು ಪಿಂಚಣಿ ಬೀಳುವ ಖಾತೆಯ ಸ್ಟೇಟ್‌ಮೆಂಟ್, ಮನೆಯ ಖಾತಾ. ಕಷ್ಟವಿರುವುದು ಬೇಸಾಯದ ಮನೆಗಳಿಗೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ಐಟಿ ರಿಟರ್ನ್ ಇರುವುದಿಲ್ಲ. ಅದರ ಜಾಗದಲ್ಲಿ ಪಹಣಿ, ಕಾರ್ಖಾನೆಗೆ ಕಬ್ಬು ಸಾಗಿಸಿದ ಬಿಲ್ಲು, ಡೈರಿ ಬಟವಾಡೆಯ ವಿವರ, ರೇಷ್ಮೆ ಗೂಡು ಮಾರಿದ ಚೀಟಿ ಇವೇ ಆದಾಯದ ಸಾಕ್ಷಿ. ಕಬ್ಬಿನ ಹಣ ವರ್ಷಕ್ಕೊಮ್ಮೆಯೋ ಎರಡು ಸಲವೋ ದೊಡ್ಡ ಗಂಟಾಗಿ ಬೀಳುತ್ತದೆ. ಇದು ನಮಗೆ ಗೊತ್ತು; ಅರ್ಜಿಗೆ ಮುಂಚೆ ಯಾರದೋ ದುಡ್ಡು ತಂದು ತುಂಬಿದ ಹಾಗೆ ಹೊರಗಿನವರಿಗೆ ಕಾಣುತ್ತದೆ. ಆ ಜಮೆಯ ಪಕ್ಕಕ್ಕೆ ಕಾರ್ಖಾನೆಯ ಬಿಲ್ಲನ್ನು ಇಟ್ಟು, ಅರ್ಜಿಯ ಮುಖಪತ್ರದಲ್ಲಿ (ಕವರಿಂಗ್ ಲೆಟರ್) ಒಂದು ಸಾಲು ವಿವರಣೆ ಕೊಡಿ.

ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದು ಪೌತಿ ಖಾತೆ ಆಗಿಲ್ಲವೇ? ಹಾಗಾದರೆ ಆ ಜಮೀನನ್ನು ‘ನನ್ನ ಜಮೀನು’ ಎಂದು ಬರೆಯಬೇಡಿ. ವಂಶವೃಕ್ಷ ಜೊತೆಗಿಟ್ಟು ‘ಕುಟುಂಬದ ಜಮೀನು, ನಾನು ಸಾಗುವಳಿ ಮಾಡುತ್ತಿದ್ದೇನೆ’ ಎಂದರೆ ಅದು ನಿಜವೂ ಹೌದು, ಕಾಗದಕ್ಕೆ ಹೊಂದುವುದೂ ಹೌದು.

ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಬ್ರಿಟನ್ನಿಗಾದರೆ ಅನುವಾದಕರ ಪೂರ್ಣ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಮತ್ತು ‘ಇದು ಮೂಲಕ್ಕೆ ಸರಿಯಾದ ಅನುವಾದ’ ಎಂಬ ಮಾತು ಇರಬೇಕು. ಕೆನಡಾಕ್ಕೆ ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ, ಮಗಳು ಇಂಗ್ಲಿಷ್ ಎಂಎ ಆಗಿದ್ದರೂ ಸರಿ.

ಹಂತ 5: ಈಗ ಪತ್ರ

ಅರ್ಜಿಯ ಕರಡು ತುಂಬಿ ಮುಗಿಸಿ, ‘ಸಬ್ಮಿಟ್’ ಒತ್ತದೆ ನಿಲ್ಲಿಸಿ. ಅದನ್ನು ಎದುರಿಗಿಟ್ಟುಕೊಂಡು ಪತ್ರ ಬರೆಯಬೇಕು. ಪತ್ರ ಇಂಗ್ಲಿಷಿನಲ್ಲಿರಲಿ, ಒಂದು ಪುಟ, ಹೆಚ್ಚೆಂದರೆ ಒಂದೂವರೆ. ಮೇಲೆ ಬರೆಯುವವರ ವಿಳಾಸ, ಫೋನು, ಇಮೇಲ್, ದಿನಾಂಕ. ಕೆಳಗೆ ‘ವೀಸಾ ಅಧಿಕಾರಿಗೆ’ ಎಂಬ ಸಂಬೋಧನೆ. ಬ್ರಿಟನ್ ಆದರೆ ‘ಎಂಟ್ರಿ ಕ್ಲಿಯರೆನ್ಸ್ ಆಫೀಸರ್’. ಅಪ್ಪ-ಅಮ್ಮನನ್ನು ಸಂಬೋಧಿಸಿ ‘ಪ್ರೀತಿಯ ಅಮ್ಮ’ ಎಂದು ಬರೆಯುವವರೂ ಇದ್ದಾರೆ. ಓದುವವರು ಅಮ್ಮ ಅಲ್ಲವಾದ್ದರಿಂದ ಅದು ಬೇಡ.

ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 03/04/2026 ಎಂದರೆ ಮಂಡ್ಯದಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4.

ಕೆನಡಾದಲ್ಲಿರುವ ಮಗಳು ಬರೆಯುವ ಪತ್ರದ ತಿರುಳು ಹೀಗಿರಬಹುದು. ಕಂಸದೊಳಗಿನದನ್ನು ನಿಮ್ಮ ವಿವರದಿಂದ ತುಂಬಿ, ಇಂಗ್ಲಿಷಿನಲ್ಲಿ ಬರೆದುಕೊಳ್ಳಿ:

“ನಾನು (ಪೂರ್ಣ ಹೆಸರು), ಹುಟ್ಟಿದ ದಿನಾಂಕ (…), ಕೆನಡಾದ ಕಾಯಂ ನಿವಾಸಿ, ಪಿಆರ್ ಕಾರ್ಡಿನ ಪ್ರತಿ ಲಗತ್ತಿಸಿದೆ. (ಸಂಸ್ಥೆ)ಯಲ್ಲಿ (ಹುದ್ದೆ)ಯಾಗಿ (ವರ್ಷ)ದಿಂದ ಕೆಲಸ ಮಾಡುತ್ತಿದ್ದೇನೆ. ಮೇಲಿನ ವಿಳಾಸದಲ್ಲಿ ಪತಿ (ಹೆಸರು, ಹುಟ್ಟಿದ ದಿನಾಂಕ) ಮತ್ತು ಮಗ (ಹೆಸರು, ಹುಟ್ಟಿದ ದಿನಾಂಕ) ಜೊತೆ ವಾಸವಾಗಿದ್ದೇನೆ. ಮನೆಯಲ್ಲಿ ಒಟ್ಟು ಮೂವರು.

ನನ್ನ ತಂದೆ (ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ) ಮತ್ತು ತಾಯಿ (ಅದೇ ವಿವರ), ವಾಸ (ಗ್ರಾಮ, ಅಂಚೆ, ತಾಲ್ಲೂಕು, ಮಂಡ್ಯ ಜಿಲ್ಲೆ, ಪಿನ್, ಫೋನು), ಇವರನ್ನು 2026ರ ಮೇ 10ರಿಂದ ಆಗಸ್ಟ್ 5ರವರೆಗೆ, 88 ದಿನ, ನನ್ನ ಮನೆಗೆ ಆಹ್ವಾನಿಸುತ್ತಿದ್ದೇನೆ. ನಮ್ಮ ಕುಟುಂಬವನ್ನು ನೋಡುವುದು, ಮೇ 24ರಂದು ಮಗನ ಮೊದಲ ಹುಟ್ಟುಹಬ್ಬಕ್ಕೆ ಇರುವುದು ಅವರ ಭೇಟಿಯ ಉದ್ದೇಶ.

ಅವರು ಎರಡು ಕೋಣೆಯ ನಮ್ಮ ಮನೆಯಲ್ಲೇ ಉಳಿಯುತ್ತಾರೆ. ವಿಮಾನದ ಟಿಕೆಟ್ ತಂದೆಯ ಖರ್ಚು. ಊಟ, ವಸತಿ, ಓಡಾಟ, ವೈದ್ಯಕೀಯ ವಿಮೆ ನನ್ನ ಖರ್ಚು. ನನ್ನ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದೆ.

ತಂದೆಯವರು ಕೃಷಿಕರು, ಆಗಸ್ಟ್‌ನಲ್ಲಿ ಭತ್ತದ ನಾಟಿಗೆ ಊರಿಗೆ ಮರಳುತ್ತಾರೆ.”

ಕೆಳಗೆ ಲಗತ್ತುಗಳ ಪಟ್ಟಿ, ಸಹಿ, ಹೆಸರು. ‘ತಮ್ಮ ಅಮೂಲ್ಯ ಸಮಯವನ್ನು…’ ಎಂದು ಶುರುವಾಗುವ ಪ್ಯಾರಾ ಬೇಕಿಲ್ಲ. ಅರ್ಜಿಯಲ್ಲಿ ‘ಒಟ್ಟು ಖರ್ಚು ಎಷ್ಟು’ ಎಂಬ ಕಾಲಂ ಇದ್ದು ಅಲ್ಲಿ ಮೊತ್ತ ಬರೆದಿದ್ದರೆ, ಪತ್ರದಲ್ಲೂ ಅದೇ ಮೊತ್ತ ಹಾಕಿ.

ಅಪ್ಪ-ಅಮ್ಮ ಇಬ್ಬರಿಗೂ ಸೇರಿ ಒಂದೇ ಪತ್ರ ಸಾಕು. ಆದರೆ ಅರ್ಜಿ ಇಬ್ಬರದೂ ಬೇರೆಬೇರೆ. ಎರಡರಲ್ಲೂ ಪತ್ರದ ಪ್ರತಿ ಹಾಕಬೇಕು.

ಹಂತ 6: ಯಾವುದನ್ನು ಬರೆಯಬಾರದು

ಮೊದಲನೆಯದು ಬಾಣಂತನದ ಮಾತು. ಹೆಣ್ಣುಮಗಳ ಹೆರಿಗೆಗೆ ತಾಯಿ ಹೋಗುವುದು ನಮ್ಮಲ್ಲಿ ಕರ್ತವ್ಯ. ಮೊದಲ ಆರು ತಿಂಗಳು ತವರಿನವರು, ಆಮೇಲೆ ಅತ್ತೆ-ಮಾವ ಎಂಬ ಪಾಳಿಯೂ ಉಂಟು. ಇದನ್ನು ಇಂಗ್ಲಿಷಿಗೆ ತಿರುಗಿಸಿ ‘ಮಗುವನ್ನು ನೋಡಿಕೊಳ್ಳಲು, ಅಡುಗೆ-ಮನೆಗೆಲಸಕ್ಕೆ ಸಹಾಯ ಮಾಡಲು’ ಎಂದು ಬರೆದರೆ ಓದುವವರಿಗೆ ಕಾಣುವುದು ಕೂಲಿಯಿಲ್ಲದ ಆಯಾ. ‘ಡೇಕೇರ್ ತುಂಬಾ ದುಬಾರಿ’ ಎಂಬ ವಿವರಣೆ ಸೇರಿಸಿದರಂತೂ ಕೆಲಸಕ್ಕೆ ಕರೆಯುತ್ತಿದ್ದೀರಿ ಎಂದು ನೀವೇ ಬರೆದುಕೊಟ್ಟಂತೆ.

ಹಾಗೆಂದು ಹೆರಿಗೆಯನ್ನು ಮುಚ್ಚಿಡಲೂ ಬಾರದು. ‘ಮೊಮ್ಮಗುವಿನ ಜನನದ ಸಮಯದಲ್ಲಿ ಮಗಳ ಜೊತೆಗಿರಲು ಬರುತ್ತಿದ್ದಾರೆ’ ಎಂಬುದು ನಿಜ, ಸಹಜ, ಸಾಕಷ್ಟು. ಹೆರಿಗೆಯ ಅಂದಾಜು ದಿನಾಂಕವಿರುವ ವೈದ್ಯರ ಪತ್ರ ಲಗತ್ತಿಸಿ. ಹೊರಡುವ ದಿನ ಅದಕ್ಕೆ ಎರಡು-ಮೂರು ವಾರ ಮುಂಚೆ ಇದ್ದರೆ ದಿನಾಂಕಗಳೇ ಕಥೆ ಹೇಳುತ್ತವೆ. ಬ್ರಿಟನ್ನಿನ ನಿಯಮದಲ್ಲೂ ಅಜ್ಜಿ ಭೇಟಿಗೆಂದು ಬಂದು ಮಗುವಿನ ಜೊತೆಗಿರುವುದಕ್ಕೆ ಅಡ್ಡಿಯಿಲ್ಲ. ಅದು ಉದ್ಯೋಗದ ರೂಪ ತಾಳಿದರೆ ಅಡ್ಡಿ.

ಎರಡನೆಯದು ಆಣೆ-ಪ್ರಮಾಣ. ‘ಅವರು ಖಂಡಿತ ಮರಳುತ್ತಾರೆ, ಎಂದೂ ಅಲ್ಲಿ ನೆಲೆಸುವುದಿಲ್ಲ’ ಎಂದು ನಾಲ್ಕು ಸಲ ಬರೆದರೆ ಇಲ್ಲದ ಅನುಮಾನ ಹುಟ್ಟುತ್ತದೆ. ಅಮೆರಿಕದ ಕಾನೂನಿನ 214(ಬಿ) ವಿಧಿಯ ಪ್ರಕಾರ ಅರ್ಜಿದಾರರು ನೆಲೆಸಲು ಬರುತ್ತಿದ್ದಾರೆಂದೇ ಮೊದಲಿಗೆ ಊಹಿಸಲಾಗುತ್ತದೆ. ಅದನ್ನು ಅಳಿಸಬೇಕಾದವರು ಅರ್ಜಿದಾರರೇ. ಮಗನ ಮಾತು ಅಲ್ಲಿ ತೂಗುವುದಿಲ್ಲ.

ಇನ್ನು ‘ಸಾಧ್ಯವಾದರೆ ಅವಧಿ ವಿಸ್ತರಿಸುತ್ತೇವೆ’, ‘ಅಲ್ಲಿ ಕಣ್ಣಿನ ಆಪರೇಷನ್ನೂ ಮಾಡಿಸೋಣ ಎಂದಿದ್ದೇವೆ’, ‘ತಮ್ಮನಿಗೂ ಕೆಲಸ ನೋಡುತ್ತಿದ್ದೇವೆ’ ಇಂಥವು. ಭೇಟಿಗೆ ಸಂಬಂಧವಿಲ್ಲದ್ದು ಪತ್ರದಲ್ಲಿರಬಾರದು. ಆದರೆ ಚಿಕಿತ್ಸೆಯೇ ನಿಜವಾದ ಉದ್ದೇಶವಾಗಿದ್ದರೆ ಅದನ್ನು ಭೇಟಿಯೆಂದು ಬರೆಯಲೂಬಾರದು. ಅದರ ದಾಖಲೆಗಳೇ ಬೇರೆ.

ಹಂತ 7: ಸಹಿ, ಸ್ಕ್ಯಾನು, ನೋಟರಿ

ಮುದ್ರಿಸಿದ ಪತ್ರಕ್ಕೆ ಕರೆಯುವವರೇ ನೀಲಿ ಅಥವಾ ಕಪ್ಪು ಶಾಯಿಯ ಪೆನ್ನಿನಿಂದ, ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಸಹಿ ಹಾಕಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸಬೇಕು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅಕ್ಷರ ಕುಗ್ಗಿ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿ, ಇಲ್ಲವೇ ಇಮೇಲ್ ಮಾಡಿ. ಕೆನಡಾದ ಆನ್‌ಲೈನ್ ಅರ್ಜಿಯಲ್ಲಿ ಒಂದು ಕಡತ 4 ಎಂಬಿ ಮೀರಬಾರದು. ಪತ್ರವನ್ನೂ ಕರೆಯುವವರ ದಾಖಲೆಗಳನ್ನೂ ಒಂದೇ ಪಿಡಿಎಫ್‌ಗೆ ಜೋಡಿಸುವಾಗ ಬಣ್ಣ ಬಿಟ್ಟು ಕಪ್ಪು-ಬಿಳುಪಿನ ಛಾಯೆಯಲ್ಲಿ ಸ್ಕ್ಯಾನ್ ಮಾಡಿದರೆ ಗಾತ್ರ ಇಳಿಯುತ್ತದೆ.

ಅಮೆರಿಕ, ಬ್ರಿಟನ್‌ಗೆ ನೋಟರಿ ಬೇಕಿಲ್ಲ. ಕೆನಡಾದಲ್ಲಿ ಕೆಲವು ವೀಸಾ ಕಚೇರಿಗಳು ಕೇಳಬಹುದು. ನಿಮ್ಮ ಅರ್ಜಿಯ ಪಟ್ಟಿಯಲ್ಲಿ ಇದ್ದರೆ ಮಾತ್ರ, ಅದೂ ಮಗಳು ಇರುವ ಊರಿನಲ್ಲಿ ಮಾಡಿಸಬೇಕು. ಪತ್ರವನ್ನು ಇಲ್ಲಿ ಸ್ಟ್ಯಾಂಪ್ ಪೇಪರಿನ ಮೇಲೆ ಟೈಪ್ ಮಾಡಿಸಿ, ಕೋರ್ಟಿನ ಮುಂದಿನ ನೋಟರಿಯ ಮುದ್ರೆ ಹಾಕಿಸುವುದರಲ್ಲಿ ಅರ್ಥವೇ ಇಲ್ಲ. ಸಹಿ ಹಾಕಬೇಕಾದವರು ಇಲ್ಲಿ ಇಲ್ಲ.

ಪತ್ರದ ದಿನಾಂಕ ಅರ್ಜಿ ಸಲ್ಲಿಸುವ ದಿನಕ್ಕಿಂತ ಮುಂಚಿನದಾಗಿರಬೇಕು, ಆದರೆ ತಿಂಗಳಿಗಿಂತ ಹಳೆಯದಾಗದಿರಲಿ. ಅಪಾಯಿಂಟ್‌ಮೆಂಟ್ ಮುಂದಕ್ಕೆ ಹೋಗಿ ಪ್ರಯಾಣದ ದಿನಗಳು ಬದಲಾದರೆ ಹಳೆಯ ಪತ್ರದ ಮೇಲೆ ತಿದ್ದಬೇಡಿ. ಹೊಸ ಪತ್ರ ತರಿಸಿ.

ಹಂತ 8: ಬೆರಳಿಟ್ಟು ತಾಳೆ ನೋಡುವುದು

ಒಬ್ಬರು ಅರ್ಜಿ ಓದಲಿ, ಇನ್ನೊಬ್ಬರು ಪತ್ರದ ಮೇಲೆ ಬೆರಳಿಟ್ಟುಕೊಂಡು ನೋಡಲಿ. ಪಾಸ್‌ಪೋರ್ಟ್ ಸಂಖ್ಯೆ, ಹೆಸರು, ದಿನಾಂಕ, ಅಲ್ಲಿನ ವಿಳಾಸ, ಫೋನು, ಖರ್ಚು ಯಾರದು, ದಿನ ಎಷ್ಟು. ಷೆಂಗೆನ್ ಆದರೆ ವಿಮೆಯ ದಿನಾಂಕಗಳನ್ನೂ, ಅದರ ಮೊತ್ತ ಕನಿಷ್ಠ 30,000 ಯೂರೋ ಇದೆಯೇ ಎಂಬುದನ್ನೂ ನೋಡಿ. ಡಿಎಸ್-160ರಲ್ಲಿ ‘ಅಮೆರಿಕದಲ್ಲಿರುವ ಸಂಬಂಧಿಕರು’ ಎಂಬ ಪ್ರಶ್ನೆ ಇದೆ. ಪತ್ರ ಬರೆದ ಮಗನ ಹೆಸರು ಹಾಕಿ, ಅಲ್ಲೇ ಇರುವ ಮಗಳ ಹೆಸರು ಬಿಡುವುದು ಆಗಾಗ ನಡೆಯುತ್ತದೆ. ಬಿಡಬೇಡಿ.

ಆಮೇಲೆ ಪತ್ರವನ್ನು ಅಪ್ಪ-ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ. ಗಟ್ಟಿಪಾಠ ಮಾಡಿಸುವುದಕ್ಕಲ್ಲ. ‘ಮಗ ಏನು ಕೆಲಸ ಮಾಡುತ್ತಾನೆ’ ಎಂದರೆ ‘ಸಾಫ್ಟ್‌ವೇರ್’ ಎಂದು ನಿಲ್ಲಿಸಿಬಿಡುವ ಅಮ್ಮನಿಗೆ ಕಂಪನಿಯ ಹೆಸರು, ಊರಿನ ಹೆಸರು, ಎಷ್ಟು ವರ್ಷದಿಂದ ಅಲ್ಲಿದ್ದಾನೆ ಎಂಬುದಾದರೂ ತಿಳಿದಿರಬೇಕು. ಸಂದರ್ಶನವನ್ನು ಕನ್ನಡದಲ್ಲಿ ಕೊಡಬೇಕೆಂದಿದ್ದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಭಾಷೆಯ ಆಯ್ಕೆ ಇದೆಯೇ ನೋಡಿ.

ಅಪಾಯದ ಸೂಚನೆಗಳು

ಸೈಬರ್ ಸೆಂಟರಿನವರೋ ಏಜೆಂಟರೋ ‘ಮಗನ ಸಹಿ ನಾವೇ ಹಾಕಿಕೊಳ್ಳುತ್ತೇವೆ, ಏನೂ ಆಗುವುದಿಲ್ಲ’ ಎಂದರೆ ಕಾಗದಗಳನ್ನು ವಾಪಸು ತೆಗೆದುಕೊಂಡು ಎದ್ದು ಬನ್ನಿ. ಸಹಿ ಮಾಡಿದ ಖಾಲಿ ಹಾಳೆ ಕೇಳಿದರೆ, ಸ್ಟೇಟ್‌ಮೆಂಟ್ ‘ಸರಿ ಮಾಡಿಕೊಡುತ್ತೇವೆ’ ಎಂದರೆ, ಹಿಂದೆ ವೀಸಾ ನಿರಾಕರಣೆಯಾದದ್ದನ್ನು ಹೇಳಬೇಡಿ ಎಂದರೆ, ತುಂಬಿದ ಅರ್ಜಿಯ ಪ್ರತಿ ಕೊಡಲು ಒಪ್ಪದಿದ್ದರೆ ಕೂಡ ಹಾಗೆಯೇ. ಸುಳ್ಳು ಸಿಕ್ಕಿಬಿದ್ದರೆ ಕೆನಡಾ 5 ವರ್ಷ ಬಾಗಿಲು ಮುಚ್ಚುತ್ತದೆ, ಬ್ರಿಟನ್ 10 ವರ್ಷದವರೆಗೆ, ಅಮೆರಿಕ ಜೀವನಪರ್ಯಂತ ಮುಚ್ಚಬಹುದು. ದಂಡ ಬೀಳುವುದು ಅರ್ಜಿದಾರರ ಹೆಸರಿಗೆ. ಏಜೆಂಟರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ.

ನಿರಾಕರಣೆಯಾದರೆ ಮಾರನೆಯ ದಿನವೇ ಇನ್ನೂ ಉದ್ದನೆಯ ಪತ್ರ ಬರೆಸಿ ಮತ್ತೆ ಹಾಕಬೇಡಿ. ಬ್ರಿಟನ್, ಕೆನಡಾ, ಷೆಂಗೆನ್ ದೇಶಗಳು ಕಾರಣವನ್ನು ಬರಹದಲ್ಲಿ ಕೊಡುತ್ತವೆ. ‘ಹಣದ ಮೂಲ ಸ್ಪಷ್ಟವಿಲ್ಲ’ ಎಂದಿದ್ದರೆ ನಾಲ್ಕನೇ ಹಂತಕ್ಕೆ ಹೋಗಿ. ‘ಸಂಬಂಧ ಸಾಬೀತಾಗಿಲ್ಲ’ ಎಂದಿದ್ದರೆ ಮೂರನೆಯದಕ್ಕೆ. ಪತ್ರ ತಿದ್ದುವುದು ಅವೆರಡೂ ಸರಿಹೋದ ಮೇಲೆ.

ವೀಸಾ ಬಂದ ನಂತರವೂ ಪತ್ರದ ಕೆಲಸ ಮುಗಿದಿರುವುದಿಲ್ಲ. ಅದರ ಒಂದು ಮುದ್ರಿತ ಪ್ರತಿಯನ್ನು ಕೈಚೀಲದಲ್ಲಿಡಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ. ವಿಮಾನ ಇಳಿದ ಮೇಲೆ ಇಮಿಗ್ರೇಷನ್ ಸಾಲಿನಲ್ಲಿ ವಿಳಾಸ, ಫೋನು, ಎಷ್ಟು ದಿನ ಎಂದು ಮತ್ತೆ ಕೇಳುತ್ತಾರೆ. ಲಗೇಜು ಕೈಗೆ ಸಿಗುವುದು ಆ ಸಾಲು ದಾಟಿದ ಮೇಲೆ.